ದೂರವಿದ್ದು ಆಡುವಾಗ ದಾಳ ಹಾಕುವುದು ಹೇಗೆ? ಲೂಡೊದಿಂದ ಚೌಕಾಬಾರದವರೆಗೆ

“ಅಕ್ಕ ತಂಗಿಯರು ಮೂವರೂ ಮೂರು ಊರಲ್ಲಿದ್ದೇವೆ. ಫೋನಿನಲ್ಲೇ ಚೌಕಾಬಾರ ಆಡೋಣ ಅಂತ ಆಸೆ. ಆದರೆ ಕವಡೆ ಹೇಗೆ ಹಾಕೋದು?” ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಬೇರೆ, ಆಟವೂ ಬೇರೆ. ಒಬ್ಬರಿಗೆ ಹಾವು ಏಣಿ, ಇನ್ನೊಬ್ಬರಿಗೆ ಪಗಡೆ, ಕಾಲೇಜು ಹುಡುಗರಿಗೆ ಇಪ್ಪತ್ತು ಮುಖದ ದಾಳದ ಆಟ. ತೊಡಕು ಮಾತ್ರ ಒಂದೇ. ಮನೆಯನ್ನು ಹೇಗೋ ಬರೆದುಕೊಳ್ಳಬಹುದು, ಕಾಯಿಯನ್ನು ಹೇಗೋ ನಡೆಸಬಹುದು. ದಾಳ ಮಾತ್ರ ಒಬ್ಬರ ಕೈಯಲ್ಲಿರುತ್ತದೆ, ಉಳಿದವರ ಕಣ್ಣಿಗೆ ಬೀಳುವುದಿಲ್ಲ.

ಎದುರೆದುರು ಕೂತು ಆಡುವಾಗ ಇದು ಯಾರ ತಲೆಗೂ ಬರುವುದಿಲ್ಲ. ಕವಡೆ ಉರುಳುತ್ತದೆ, ಎಲ್ಲರೂ ಬಗ್ಗಿ ನೋಡುತ್ತಾರೆ, ಯಾರೋ ಒಬ್ಬರು “ಮೂರು!” ಅನ್ನುತ್ತಾರೆ, ಮುಗಿಯಿತು. ಆ ಬಗ್ಗಿ ನೋಡುವುದನ್ನೇ ನಾವು ಫೋನಿಗೆ ತರಬೇಕು. ಮೊಬೈಲಿನಲ್ಲಿ ಒಂದು ಸಂಖ್ಯೆ ಬಂದರೆ ಸಾಕಾಗುವುದಿಲ್ಲ. ಆ ಸಂಖ್ಯೆ ನಿಮ್ಮ ಆಟಕ್ಕೆ ಹೊಂದಬೇಕು, ಎಲ್ಲರ ಮುಂದೆ ಬೀಳಬೇಕು. ಈ ಎರಡು ಸರಿಯಾದರೆ ಆಟ ತಿಂಗಳುಗಟ್ಟಲೆ ಜಗಳವಿಲ್ಲದೆ ನಡೆಯುತ್ತದೆ.

ಬೇಕಾಗುವುದು ಜಾಸ್ತಿ ಏನಿಲ್ಲ. ಪ್ರತಿಯೊಬ್ಬರ ಹತ್ತಿರ ಒಂದು ಫೋನು, ಎಲ್ಲರೂ ಇರುವ ಒಂದು ಗುಂಪು, ಎಲ್ಲರ ಮನೆಯಲ್ಲೂ ಆಟದ ಮನೆ ಬರೆದ ಒಂದೊಂದು ಹಾಳೆ, ಮತ್ತು ಶುರು ಮಾಡುವ ಮೊದಲು ಕೂತು ಮಾತಾಡಲು ಹತ್ತು ನಿಮಿಷ. ಆ ಹತ್ತು ನಿಮಿಷವನ್ನು ಮಾತ್ರ ಬಿಡಬೇಡಿ.

1. ನಿಮ್ಮ ಆಟದ ದಾಳ ಯಾವುದು ಎಂದು ಬರೆದುಕೊಳ್ಳಿ

ದಾಳ ಹಾಕುವ ಬಹಳಷ್ಟು ಆ್ಯಪ್‌ಗಳಿಗೆ ಒಂದು ಸಣ್ಣ ಬರಹ ಗೊತ್ತಿದೆ. ಅದನ್ನು ಒಮ್ಮೆ ಕಲಿತರೆ ಬಹಳ ಕಡೆ ನಡೆಯುತ್ತದೆ. ಮೊದಲು ಎಷ್ಟು ದಾಳ, ಆಮೇಲೆ ‘ಡಿ’ ಅಕ್ಷರ, ಆಮೇಲೆ ಒಂದು ದಾಳಕ್ಕೆ ಎಷ್ಟು ಮುಖ. ‘1ಡಿ6’ ಎಂದರೆ ಆರು ಮುಖದ ಒಂದು ದಾಳ. ‘2ಡಿ6’ ಎಂದರೆ ಅಂಥವು ಎರಡು, ಎರಡನ್ನೂ ಕೂಡಿದ ಮೊತ್ತ. ‘2ಡಿ6+3’ ಎಂದರೆ ಆ ಮೊತ್ತಕ್ಕೆ ಮೂರು ಸೇರಿಸಿ ಎಂದರ್ಥ. ನಾನಿಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ನೀವು ಆ್ಯಪ್‌ನಲ್ಲಿ ಒತ್ತುವಾಗ ‘ಡಿ’ ಇಂಗ್ಲಿಷ್ ಅಕ್ಷರವಾಗಿರಲಿ, ನಡುವೆ ಜಾಗ ಬಿಡಬೇಡಿ.

ಹಾವು ಏಣಿ, ಲೂಡೊ ಎರಡಕ್ಕೂ 1ಡಿ6 ಸಾಕು. ಮೊನೊಪೊಲಿಗೆ 2ಡಿ6. ಆದರೆ ಅದರಲ್ಲಿ ಎರಡು ದಾಳದಲ್ಲೂ ಒಂದೇ ಸಂಖ್ಯೆ ಬಿದ್ದರೆ ಇನ್ನೊಮ್ಮೆ ಹಾಕಬಹುದಲ್ವಾ? ಹಾಗಾಗಿ ಮೊತ್ತ ಮಾತ್ರ ತೋರಿಸುವ ಆ್ಯಪ್ ಅಲ್ಲಿ ಕೆಲಸಕ್ಕೆ ಬಾರದು. ಒಂದೊಂದು ದಾಳವನ್ನೂ ಬಿಡಿಯಾಗಿ ತೋರಿಸಬೇಕು. ಇದನ್ನು ಮೊದಲೇ ನೋಡಿಕೊಳ್ಳಿ.

ಪಾತ್ರದಾಟ ಅಂತ ಒಂದಿದೆ. ಪ್ರತಿ ಆಟಗಾರನೂ ಕಥೆಯ ಒಂದು ಪಾತ್ರವಾಗಿ ಆಡುವುದು, ಒಬ್ಬರು ಕಥೆ ನಡೆಸುವುದು. 1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟದ ಮೂಲ. ಇದರಲ್ಲಿ 4, 6, 8, 10, 12, 20 ಮುಖದ ದಾಳಗಳು ಬೇಕು. ಊರಿನ ಅಂಗಡಿಯಲ್ಲಿ ಇಂಥ ದಾಳ ಸುಲಭಕ್ಕೆ ಸಿಗುವುದಿಲ್ಲ. ಒಂದೇ ಕೋಣೆಯಲ್ಲಿ ಕೂತು ಆಡುವವರೂ ಫೋನಿನ ದಾಳ ಬಳಸುವುದು ಇದಕ್ಕೇ. ಇಲ್ಲಿ ಹೊಸಬರು ಎಡವುವುದು ಎರಡು ಕಡೆ. ಒಂದು, ಹತ್ತು ಮುಖದ ದಾಳದಲ್ಲಿ ‘0’ ಬಿದ್ದರೆ ಅದು ಸೊನ್ನೆಯಲ್ಲ, ಹತ್ತು. ಇನ್ನೊಂದು, ನೂರರ ಲೆಕ್ಕಕ್ಕೆ ಹತ್ತು ಮುಖದ ಎರಡು ದಾಳ ಹಾಕುತ್ತಾರೆ. ಒಂದು ಹತ್ತರ ಸ್ಥಾನ, ಒಂದು ಬಿಡಿ ಸ್ಥಾನ. ಎರಡೂ ಸೊನ್ನೆ ಬಿದ್ದರೆ ಅದು 100. ಯಾವುದು ಹತ್ತರ ದಾಳ ಎಂದು ಹಾಕುವ ಮೊದಲೇ ಹೇಳಬೇಕು.

ಇದೇ ಆಟದಲ್ಲಿ ‘ಅಡ್ವಾಂಟೇಜ್’ ಎಂಬ ಮಾತು ಬರುತ್ತದೆ. ಇಪ್ಪತ್ತು ಮುಖದ ದಾಳ ಎರಡು ಸಲ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು ಅಷ್ಟೇ. ಅದನ್ನು ‘2ಡಿ20ಕೆಎಚ್1’ ಎಂದು ಬರೆಯುತ್ತಾರೆ. ಕೆಎಚ್ ಎಂದರೆ ದೊಡ್ಡದನ್ನು ಇಟ್ಟುಕೋ. ಸುಮ್ನೆ 2ಡಿ20 ಎಂದು ಬರೆದರೆ ಎರಡನ್ನೂ ಕೂಡಿಬಿಡುತ್ತದೆ, 31 ಅಂತ ಬಂದು ಎಲ್ಲರೂ ಕಣ್ಣು ಬಿಡುತ್ತಾರೆ. ಈ ಬಾಲಂಗೋಚಿ ಅಕ್ಷರಗಳು ಒಂದೊಂದು ಆ್ಯಪ್‌ನಲ್ಲಿ ಒಂದೊಂದು ತರಹ ಇರುತ್ತವೆ. ಆ್ಯಪ್‌ನ ಸಹಾಯ ಪುಟ ಒಮ್ಮೆ ನೋಡಿ.

2. ಸಂಖ್ಯೆ ಆರಿಸಬೇಡಿ, ದಾಳ ಹಾಕಿ

ಇದು ಈ ಲೇಖನದ ಮುಖ್ಯ ಭಾಗ. ನಿಧಾನವಾಗಿ ಓದಿ. ನಾನು ನೋಡಿದ ಹಾಗೆ ಅತಿ ಹೆಚ್ಚು ಜನ ತಪ್ಪುವುದು ಇಲ್ಲೇ.

ಎರಡು ದಾಳ ಹಾಕಿದರೆ 2ರಿಂದ 12ರವರೆಗೆ ಏನಾದರೂ ಬರಬಹುದು. ಹಾಗಾದರೆ ಫೋನಿಗೆ “2ರಿಂದ 12ರೊಳಗೆ ಒಂದು ಸಂಖ್ಯೆ ಕೊಡು” ಎಂದರೆ ಆಯಿತಲ್ಲ ಅನಿಸುತ್ತದೆ. ಆಗುವುದಿಲ್ಲ. ಎರಡು ದಾಳ 36 ರೀತಿಯಲ್ಲಿ ಬೀಳಬಹುದು. ಅದರಲ್ಲಿ 7 ಬರುವುದು ಆರು ರೀತಿಯಲ್ಲಿ, 12 ಬರುವುದು ಒಂದೇ ರೀತಿಯಲ್ಲಿ. ಅಂದರೆ ನಿಜವಾದ ದಾಳದಲ್ಲಿ 12ಕ್ಕಿಂತ 7 ಆರು ಪಟ್ಟು ಹೆಚ್ಚು. ಸಂಖ್ಯೆ ಆರಿಸುವ ಯಂತ್ರಕ್ಕೆ ಎರಡೂ ಒಂದೇ. ಆಟ ಕಟ್ಟಿದವರು 12 ಅಪರೂಪ ಎಂದು ನಂಬಿಯೇ ನಿಯಮ ಮಾಡಿರುತ್ತಾರೆ. ಆ ಅಪರೂಪ ಹೋದರೆ ಆಟದ ರುಚಿಯೂ ಹೋಗುತ್ತದೆ.

ಚೌಕಾಬಾರದಲ್ಲಿ ಈ ತಪ್ಪು ಇನ್ನೂ ಜೋರಾಗಿ ಹೊಡೆಯುತ್ತದೆ. ಐದು ಮನೆ ಐದು ಸಾಲಿನ ಆಟಕ್ಕೆ ನಾಲ್ಕು ಕವಡೆ. ಕವಡೆ ಇಲ್ಲದವರು ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿಕೊಳ್ಳುತ್ತಾರೆ. ಒಂದು ಕವಡೆ ಅಂಗಾತ ಬಿದ್ದರೆ ಒಂದು, ಎರಡಾದರೆ ಎರಡು, ಮೂರಾದರೆ ಮೂರು. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಗರ. (ಗರ ಎಂದರೆ ಒಂದು ಸಲ ದಾಳ ಅಥವಾ ಕವಡೆ ಹಾಕಿದಾಗ ಬೀಳುವ ಲೆಕ್ಕ. ಹೊಸ ತಲೆಮಾರಿನವರು ಈ ಮಾತು ಕೇಳಿರಲಿಕ್ಕಿಲ್ಲ.)

ಮೊದಲ ಸಲ ದೂರದಿಂದ ಆಡಿದಾಗ ನಾವು 1, 2, 3, 4, 8 ಎಂದು ಐದು ಚೀಟಿ ಬರೆದು ಕಣ್ಮುಚ್ಚಿ ಎತ್ತಿದೆವು. ಒಬ್ಬೊಬ್ಬರಿಗೂ ಚೌಕದ ಮೇಲೆ ಬಾರ, ಬಾರದ ಮೇಲೆ ಚೌಕ. ಕಾಲು ಗಂಟೆಯಲ್ಲಿ ಆಟವೇ ಮುಗಿಯಿತು. ಲೆಕ್ಕ ನೋಡಿದರೆ ಕಾರಣ ಕಣ್ಣಿಗೆ ಹೊಡೆಯುತ್ತದೆ. ನಾಲ್ಕು ಕವಡೆ 16 ರೀತಿಯಲ್ಲಿ ಬೀಳಬಹುದು. ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ ಹೀಗೆ:

ಒಂದು: 16ರಲ್ಲಿ 4
ಎರಡು: 16ರಲ್ಲಿ 6
ಮೂರು: 16ರಲ್ಲಿ 4
ಚೌಕ: 16ರಲ್ಲಿ 1
ಬಾರ: 16ರಲ್ಲಿ 1

ಅಂದರೆ ಮತ್ತೊಂದು ಗರ ಸಿಗುವುದು ಎಂಟು ಸಲಕ್ಕೊಮ್ಮೆ. ನಮ್ಮ ಚೀಟಿಯಲ್ಲಿ ಐದು ಸಲಕ್ಕೆ ಎರಡು ಸಲ ಸಿಗುತ್ತಿತ್ತು! ಬಾರ ಬಿದ್ದಾಗ ಮನೆಯೆಲ್ಲ ಕೂಗುವುದು ಅದು ಅಪರೂಪ ಅಂತಲೇ ಅಲ್ವಾ?

ಹಾಗಾದರೆ ಫೋನಿನಲ್ಲಿ ಕವಡೆ ಹಾಕುವುದು ಹೇಗೆ? ಮೂರು ದಾರಿ ಕೊಡುತ್ತೇನೆ, ನಿಮಗೆ ಒಗ್ಗಿದ್ದು ಹಿಡಿಯಿರಿ.

ಮೊದಲನೆಯದು, ಆರು ಮುಖದ ನಾಲ್ಕು ದಾಳ ಹಾಕಿ. ಸಮ ಸಂಖ್ಯೆ ಬಿದ್ದ ದಾಳ ಅಂಗಾತ, ಬೆಸ ಬಿದ್ದದ್ದು ಬೋರಲು. 2, 5, 6, 3 ಬಿದ್ದರೆ ಎರಡು ಅಂಗಾತ, ಗರ ಎರಡು. ಚಿಕ್ಕ ಮಕ್ಕಳಿಗೂ ಇದು ತಕ್ಷಣ ಅರ್ಥವಾಗುತ್ತದೆ. ನನಗೆ ಇದೇ ಇಷ್ಟ, ಯಾಕೆಂದರೆ ನಾಲ್ಕು ಕವಡೆ ಉರುಳಿದ ಹಾಗೇ ಕಾಣುತ್ತದೆ.

ಎರಡನೆಯದು, ‘4ಡಿ2’ ಎಂದು ಬರೆಯಿರಿ. ಎರಡು ಮುಖದ ನಾಲ್ಕು ದಾಳ, ಅಂದರೆ ನಾಲ್ಕು ನಾಣ್ಯ ಇದ್ದ ಹಾಗೆ. ಬಂದ ಮೊತ್ತದಲ್ಲಿ ನಾಲ್ಕು ಕಳೆದರೆ ಅಂಗಾತ ಬಿದ್ದ ಕವಡೆಗಳ ಲೆಕ್ಕ ಸಿಗುತ್ತದೆ. ಮೊತ್ತ 5 ಆದರೆ ಒಂದು, 6 ಆದರೆ ಎರಡು, 7 ಆದರೆ ಮೂರು. ಇಲ್ಲೊಂದು ಹಳ್ಳ ಇದೆ, ಹುಷಾರು. ಮೊತ್ತ 8 ಬಂದರೆ ಅದು ಬಾರ ಅಲ್ಲ, ಚೌಕ. ಮೊತ್ತ 4 ಬಂದರೆ ಅದು ಚೌಕ ಅಲ್ಲ, ಬಾರ. ಪರದೆಯ ಮೇಲೆ 8 ಕಂಡ ಕೂಡಲೇ “ಬಾರ!” ಎಂದು ಕಾಯಿ ಎಂಟು ಮನೆ ನಡೆಸಿಬಿಡುತ್ತಾರೆ. ಈ ದಾರಿ ಹಿಡಿದರೆ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗೆ ಅಂಟಿಸಿಕೊಳ್ಳಿ.

ಮೂರನೆಯದು, 1ರಿಂದ 16ರೊಳಗೆ ಒಂದೇ ಸಂಖ್ಯೆ ಕೇಳಿ. 1 ಬಂದರೆ ಬಾರ. 2ರಿಂದ 5 ಬಂದರೆ ಒಂದು. 6ರಿಂದ 11 ಎರಡು. 12ರಿಂದ 15 ಮೂರು. 16 ಬಂದರೆ ಚೌಕ. ಒಂದೇ ಸಂಖ್ಯೆ ಕೊಡಬಲ್ಲ ಆ್ಯಪ್ ಇರುವವರಿಗೆ ಇದು ಸರಿ.

ಏಳು ಮನೆ ಏಳು ಸಾಲಿನ ದೊಡ್ಡ ಆಟ ಆಡುವವರು ಆರು ಕವಡೆ ಹಾಕುತ್ತಾರೆ. ಮೊದಲ ದಾರಿಯಲ್ಲೇ ನಾಲ್ಕರ ಬದಲು ಆರು ದಾಳ ಹಾಕಿ. ಎಲ್ಲ ಬೋರಲು ಬಿದ್ದರೆ ಎಷ್ಟು ಎಂಬುದು ನಿಮ್ಮ ಮನೆಯ ಪದ್ಧತಿಯಂತೆ.

ಇನ್ನೊಂದು ಮಾತು. ನಿಜವಾದ ಕವಡೆ ನಾಣ್ಯದ ಹಾಗಲ್ಲ. ಒಂದು ಕಡೆ ಉಬ್ಬು, ಒಂದು ಕಡೆ ಚಪ್ಪಟೆ. ಎರಡೂ ಕಡೆ ಸಮನಾಗಿ ಬೀಳಲೇಬೇಕು ಅಂತೇನಿಲ್ಲ. ನಿಮ್ಮ ಮನೆಯ ಕವಡೆಯ ಗುಣವೇ ಬೇಕು ಅನಿಸಿದರೆ ಒಂದು ಸಂಜೆ ಕೂತು ನಾಲ್ಕು ಕವಡೆಯನ್ನು 50 ಸಲ ಹಾಕಿ. ಒಟ್ಟು 200 ಕವಡೆ ಬಿದ್ದ ಹಾಗಾಯಿತು. ಅದರಲ್ಲಿ ಎಷ್ಟು ಅಂಗಾತ ಎಂದು ಗೀಟು ಹಾಕುತ್ತಾ ಹೋಗಿ. ಉದಾಹರಣೆಗೆ 80 ಅಂಗಾತ ಬಿದ್ದವು ಎನ್ನಿ. ಹತ್ತರಲ್ಲಿ ನಾಲ್ಕು ಆಯಿತು. ಆಗ ಹತ್ತು ಮುಖದ ನಾಲ್ಕು ದಾಳ ಹಾಕಿ, 1ರಿಂದ 4 ಬಿದ್ದದ್ದು ಅಂಗಾತ, ಉಳಿದದ್ದು ಬೋರಲು ಎಂದಿಟ್ಟುಕೊಳ್ಳಿ. ಇಷ್ಟು ಸಣ್ಣ ಬದಲಾವಣೆಗೆ ಬಾರ ನೂರರಲ್ಲಿ ಆರು ಸಲದಿಂದ ಹದಿಮೂರು ಸಲಕ್ಕೆ ಏರುತ್ತದೆ, ಚೌಕ ಎರಡೂವರೆಗೆ ಇಳಿಯುತ್ತದೆ. ಅಜ್ಜಿ ಬಿಟ್ಟುಹೋದ ಕವಡೆಯ ಗುಣವನ್ನು ಅದನ್ನು ಮುಟ್ಟಲಾಗದಷ್ಟು ದೂರ ಇರುವವರಿಗೂ ಹೀಗೆ ಹಂಚಬಹುದು. ನನಗೆ ಇದು ಬಹಳ ಹಿತವಾದ ಕೆಲಸ ಅನಿಸುತ್ತದೆ.

ಪಗಡೆಯ ಉದ್ದ ದಾಳಕ್ಕೆ ನಾಲ್ಕೇ ಮುಖ. ಮುಖದ ಮೇಲಿನ ಚುಕ್ಕಿ ಎಲ್ಲ ಕಡೆ ಒಂದೇ ಇಲ್ಲ. ನಿಮ್ಮ ದಾಳ ನೋಡಿ ಬರೆದುಕೊಳ್ಳಿ. 1, 3, 4, 6 ಇದ್ದರೆ ‘1ಡಿ4’ ಹಾಕಿ. 1 ಬಂದರೆ ಒಂದು, 2 ಬಂದರೆ ಮೂರು, 3 ಬಂದರೆ ನಾಲ್ಕು, 4 ಬಂದರೆ ಆರು. ಎರಡು ದಾಳ ಇದ್ದರೆ ಎರಡು ಸಲ ಬೇರೆ ಬೇರೆ ಹಾಕಿ. ಕೂಡಿಸಬೇಡಿ. ಜೋಡಿ ಬಿತ್ತೋ ಇಲ್ಲವೋ ಗೊತ್ತಾಗಬೇಕು.

3. ಎಲ್ಲಿ ಹಾಕಬೇಕು?

ಒಂದೇ ಅಳತೆಗೋಲು ಇಟ್ಟುಕೊಳ್ಳಿ. ಬಿದ್ದ ಗರ ಹಾಕಿದವರ ಕೈ ದಾಟಿ ನೇರವಾಗಿ ಎಲ್ಲರ ಕಣ್ಣಿಗೂ ಬೀಳುತ್ತದೆಯೇ?

ಗೂಗಲ್‌ನಲ್ಲಿ ‘ರೋಲ್ ಡೈಸ್’ ಎಂದು ಇಂಗ್ಲಿಷ್‌ನಲ್ಲಿ ಹುಡುಕಿದರೆ ಅಲ್ಲೇ ದಾಳ ಬರುತ್ತದೆ. ಒಂದೇ ಫೋನ್ ಸುತ್ತ ಕೂತವರಿಗೆ ಬಹಳ ಒಳ್ಳೆಯದು. ದೂರದವರಿಗೆ ಇದು ಕಾಣುವುದಿಲ್ಲ. ಸ್ಕ್ರೀನ್‌ಶಾಟ್ ಕಳಿಸುತ್ತೇನೆ ಅಂದರೆ ಅದು ಸಾಕ್ಷಿಯಲ್ಲ. ಹತ್ತು ಸಲ ಹಾಕಿ ಚೆನ್ನಾಗಿ ಬಿದ್ದದ್ದನ್ನು ಕಳಿಸಬಹುದು. ವಿಡಿಯೊ ತೆಗೆದು ಕಳಿಸುವುದೂ ಹಾಗೇ.

ಟೆಲಿಗ್ರಾಂನಲ್ಲಿ ಒಂದು ಅನುಕೂಲ ಇದೆ. ಗುಂಪಿನಲ್ಲಿ ದಾಳದ ಎಮೋಜಿಯನ್ನು ಒಂದೇ ಒಂದಾಗಿ, ಬೇರೆ ಅಕ್ಷರ ಸೇರಿಸದೆ ಕಳಿಸಿದರೆ ಅದು ಉರುಳಿ ಒಂದು ಸಂಖ್ಯೆಗೆ ನಿಲ್ಲುತ್ತದೆ. ಆ ಸಂಖ್ಯೆಯನ್ನು ಕೊಡುವುದು ಟೆಲಿಗ್ರಾಂನ ಸರ್ವರ್, ಕಳಿಸಿದವರ ಫೋನ್ ಅಲ್ಲ. ಗುಂಪಿನಲ್ಲಿ ಎಲ್ಲರಿಗೂ ಒಂದೇ ಸಂಖ್ಯೆ ಕಾಣುತ್ತದೆ. ಚೌಕಾಬಾರಕ್ಕೆ ನಾಲ್ಕು ಸಲ ಕಳಿಸಿ ಸಮ ಬೆಸ ನೋಡಿದರೆ ಮುಗಿಯಿತು. ಎರಡು ಎಚ್ಚರಿಕೆ. ಹಳೆಯ ದಾಳವನ್ನು ಫಾರ್ವರ್ಡ್ ಮಾಡಿದರೆ ಹಳೆಯ ಸಂಖ್ಯೆಯೇ ಬರುತ್ತದೆ, ಅದನ್ನು ಒಪ್ಪಬೇಡಿ. ಮತ್ತೆ, ಟೆಲಿಗ್ರಾಂನಲ್ಲಿ ಕಳಿಸಿದ್ದನ್ನು ಎಲ್ಲರ ಫೋನಿನಿಂದಲೂ ಗುರುತಿಲ್ಲದೆ ಅಳಿಸಬಹುದು. ಅದಕ್ಕೆ ಗುಂಪಿನಲ್ಲಿ ಇನ್ನೊಬ್ಬರಾದರೂ ಎಚ್ಚರವಿರುವಾಗ ಹಾಕುವ ಪದ್ಧತಿ ಇಟ್ಟುಕೊಳ್ಳಿ.

ಡಿಸ್ಕಾರ್ಡ್ ಎಂಬ ಗುಂಪು ಹರಟೆಯ ಆ್ಯಪ್ ಬಳಸುವವರಿಗೆ ಇನ್ನೂ ಗಟ್ಟಿ ದಾರಿ ಇದೆ. ಅಲ್ಲಿ ‘ಬಾಟ್’ ಸೇರಿಸಬಹುದು. ಬಾಟ್ ಎಂದರೆ ನಾವು ಹೇಳಿದ ಕೆಲಸ ಮಾಡುವ, ಗುಂಪಿನಲ್ಲಿ ಒಬ್ಬ ಸದಸ್ಯನಂತೆ ಇರುವ ಪ್ರೋಗ್ರಾಂ. ‘ಅವ್ರೇ’, ‘ಡೈಸ್ ಮೇಡನ್’ ಎಂಬ ಬಾಟ್‌ಗಳು ದಾಳಕ್ಕೆಂದೇ ಇವೆ. ನೀವು ಆಜ್ಞೆ ಬರೆಯುತ್ತೀರಿ, ಬಾಟ್ ದಾಳ ಹಾಕಿ ಉತ್ತರ ಕೊಡುತ್ತದೆ. ಆ ಉತ್ತರ ಬಾಟ್‌ನ ಹೆಸರಿನಲ್ಲಿರುತ್ತದೆ, ನಿಮ್ಮಿಂದ ತಿದ್ದಲು ಆಗುವುದಿಲ್ಲ. ‘ದಾಳ’ ಎಂದು ಒಂದು ಪ್ರತ್ಯೇಕ ಕೊಠಡಿ ಮಾಡಿ, ಹರಟೆ ಅಲ್ಲಿ ಬೇಡ ಎಂದು ಹೇಳಿಬಿಡಿ. ಆರು ವಾರದ ಹಿಂದಿನ ಗರ ಹುಡುಕುವಾಗ ಇದರ ಬೆಲೆ ಗೊತ್ತಾಗುತ್ತದೆ.

ಪಾತ್ರದಾಟದವರಿಗೆ ರೋಲ್20 ಎಂಬ ತಾಣ ಇದೆ. ಹಲಗೆ, ಕಾಯಿ, ದಾಳ ಎಲ್ಲ ಒಂದೇ ಕಡೆ. ಅಲ್ಲಿನ ಮಾತಿನ ಪೆಟ್ಟಿಗೆಯಲ್ಲಿ ಓರೆಗೀಟು (/) ಹಾಕಿ ‘ರೋಲ್’ ಎಂದು ಇಂಗ್ಲಿಷ್‌ನಲ್ಲಿ ಬರೆದು ಮುಂದೆ 2ಡಿ6 ಎಂದರೆ ಎಲ್ಲರಿಗೂ ಕಾಣುವಂತೆ ಬೀಳುತ್ತದೆ. ಆಟ ನಡೆಸುವವರು ತಮಗೆ ಮಾತ್ರ ಕಾಣುವಂತೆ ಹಾಕುವ ಆಜ್ಞೆಯೂ ಇದೆ. ಪಾತ್ರಕ್ಕೆ ಗೊತ್ತಾಗಬಾರದ ಸಂಗತಿ ಇರುವಾಗ ಅದು ಬೇಕಾಗುತ್ತದೆ. ಆದರೆ ಅದನ್ನು ಯಾವಾಗ ಬಳಸುವುದು ಎಂದು ಮೊದಲೇ ಒಪ್ಪಿಕೊಂಡಿರಿ.

ವಾಟ್ಸಾಪ್‌ನಲ್ಲಿ ಸಂಖ್ಯೆಯನ್ನು ಬರೆದು ಕಳಿಸುವವರು ಒಂದು ಗಮನಿಸಿ. ಕಳಿಸಿದ 15 ನಿಮಿಷದೊಳಗೆ ಅದನ್ನು ತಿದ್ದಬಹುದು, ತಿದ್ದಿದ ಗುರುತು ಪಕ್ಕದಲ್ಲಿ ಸಣ್ಣದಾಗಿ ಉಳಿಯುತ್ತದೆ. ತಿದ್ದಿದ ಗರ ನಡೆಯುವುದಿಲ್ಲ ಎಂದು ನಿಯಮ ಮಾಡಿಕೊಳ್ಳಿ.

ಹಾಳೆಯ ಲೆಕ್ಕದ ತಂತ್ರಾಂಶ, ಅಂದರೆ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ, ‘ರ‍್ಯಾಂಡ್‌ಬಿಟ್ವೀನ್’ ಎಂಬ ಸೂತ್ರದಿಂದ ದಾಳ ಹಾಕುವವರೂ ಇದ್ದಾರೆ. ಬೇಡ ಎನ್ನುತ್ತೇನೆ. ಹಾಳೆಯಲ್ಲಿ ಯಾರು ಏನು ಬರೆದರೂ ಆ ಸಂಖ್ಯೆ ತಾನಾಗಿ ಬದಲಾಗುತ್ತದೆ. ಬಿದ್ದ ಆರು ಕಣ್ಣೆದುರೇ ಎರಡಾಗುತ್ತದೆ. ಬಳಸಲೇಬೇಕಾದರೆ ಬಿದ್ದ ಕೂಡಲೇ ಆ ಸಂಖ್ಯೆಯನ್ನು ಪಕ್ಕದ ಮನೆಗೆ ಕೈಯಿಂದ ಬರೆದಿಡಿ.

ದಾಳದ ಆ್ಯಪ್ ಇಳಿಸಿಕೊಳ್ಳುವಾಗ ಅದು ಕೇಳುವ ಅನುಮತಿ ನೋಡಿ. ದಾಳಕ್ಕೆ ನಿಮ್ಮ ಫೋನ್‌ನಲ್ಲಿರುವ ನಂಬರ್‌ಗಳು ಬೇಕಿಲ್ಲ, ಮೆಸೇಜ್ ಓದುವುದೂ ಬೇಕಿಲ್ಲ. ಕೇಳಿದರೆ ತೆಗೆದುಹಾಕಿ. ಹಣ ಪಣ ಕಟ್ಟಿ ಎನ್ನುವ ಆ್ಯಪ್ ಆದರೆ ಅದರ ಬಾಗಿಲಿಗೂ ಹೋಗಬೇಡಿ.

4. ಮೊದಲು ಹೇಳಿ, ಆಮೇಲೆ ಹಾಕಿ

ಒಳ್ಳೆಯ ಆ್ಯಪ್ ಇದ್ದರೂ ಜಗಳ ಬರುವುದು ಇಲ್ಲಿಂದ. ದಾಳ ಬಿದ್ದ ಮೇಲೆ “ಇದು ಯಾವ ಕಾಯಿಗೆ?” ಎಂದು ಕೇಳಿದರೆ ತಡವಾಯಿತು. ಅದಕ್ಕೆ ಪ್ರತಿ ಸಲ ಹಾಕುವ ಮೊದಲು ಒಂದು ಸಾಲು ಬರೆಯುವ ಅಭ್ಯಾಸ ಮಾಡಿ. ಸರದಿ ಎಷ್ಟನೆಯದು, ಯಾರು, ಯಾತಕ್ಕೆ.

“ಸರದಿ 14. ಕೆಂಪು. ನಾಲ್ಕು ಕವಡೆ.” ಇಷ್ಟು ಸಾಕು. ಪಾತ್ರದಾಟದಲ್ಲಿ ಇನ್ನೊಂದು ತುಂಡು ಸೇರಿಸಿ: “ಗೋಡೆ ಹತ್ತುತ್ತೇನೆ. 1ಡಿ20+4. 15 ಅಥವಾ ಹೆಚ್ಚು ಬಂದರೆ ಹತ್ತಿದ ಹಾಗೆ.” ಎಷ್ಟು ಬಂದರೆ ಗೆಲುವು ಎಂಬುದನ್ನು ಆಟ ನಡೆಸುವವರು ದಾಳ ಬೀಳುವ ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಬಿದ್ದ ಮೇಲೆ ಅದನ್ನು ಬದಲಿಸಿದರೆ ದಾಳ ಹಾಕಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ.

ಆಟ ಶುರುವಾಗುವ ಮೊದಲಿನ ಆ ಹತ್ತು ನಿಮಿಷದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಬರೆದಿಡಿ:

ನೆಟ್ ಹೋಗಿ ಎರಡು ಸಲ ಬಿದ್ದರೆ ಯಾವುದು ಲೆಕ್ಕಕ್ಕೆ? (ಮೊದಲು ಬಿದ್ದದ್ದು ಎಂದಿಟ್ಟುಕೊಳ್ಳಿ. ಬೇರೆ ಯಾವ ನಿಯಮವೂ ತಕರಾರಿಲ್ಲದೆ ನಡೆದದ್ದನ್ನು ನಾನು ನೋಡಿಲ್ಲ.)

ತಪ್ಪು ದಾಳ ಹಾಕಿದರೆ, ಉದಾಹರಣೆಗೆ ಆರು ಮುಖದ್ದರ ಬದಲು ಎಂಟು ಮುಖದ್ದು ಹಾಕಿದರೆ? ಅದು ರದ್ದು. ಸರಿಯಾದದ್ದನ್ನು ಒಮ್ಮೆ ಹಾಕಬೇಕು.

ಸರದಿ ಇಲ್ಲದವರು ಸುಮ್ನೆ ಹಾಕಿ ನೋಡಿದರೆ? ಪರೀಕ್ಷೆಗೆ ಹಾಕುವವರು ಬೇರೆ ಜಾಗದಲ್ಲಿ ಹಾಕಲಿ. “ನಾನು ಟೆಸ್ಟ್ ಮಾಡಿದ್ದು” ಎಂಬ ಮಾತಿಗೆ ಆಟದ ಗುಂಪಿನಲ್ಲಿ ಜಾಗ ಕೊಡಬೇಡಿ.

ಚೌಕ, ಬಾರ ಬಿದ್ದಾಗ ಕಾಯಿ ನಡೆಸಿ ಮತ್ತೆ ಹಾಕುವುದೋ, ಎಲ್ಲ ಗರ ಮುಗಿದ ಮೇಲೆ ಒಟ್ಟಿಗೆ ನಡೆಸುವುದೋ? ಮನೆಮನೆಗೂ ಪದ್ಧತಿ ಬೇರೆ. ಸತತ ಮೂರು ಸಲ ಬಿದ್ದರೆ ಎಲ್ಲವೂ ಸುಟ್ಟುಹೋಯಿತು ಎನ್ನುವವರೂ ಇದ್ದಾರೆ. ದಾವಣಗೆರೆಯ ಸೊಸೆ, ಮಂಡ್ಯದ ಅತ್ತೆ ಆಡಲು ಕೂತಾಗ ಇಬ್ಬರ ನಿಯಮವೂ ಸರಿ. ಯಾವುದು ಈ ಆಟಕ್ಕೆ ಎಂದು ಮೊದಲೇ ತೀರ್ಮಾನಿಸಿ.

5. ದಿನಕ್ಕೊಂದು ನಡೆಯ ಆಟವಾದರೆ

ಅಮೆರಿಕದಲ್ಲಿರುವ ಮಗ, ಶಿವಮೊಗ್ಗದ ಅಪ್ಪ ಒಟ್ಟಿಗೆ ಕೂತು ಆಡಲು ಆಗುವುದಿಲ್ಲ. ಇಲ್ಲಿ ಬೆಳಗಾದಾಗ ಅಲ್ಲಿ ರಾತ್ರಿ. ಬಿಡುವಾದಾಗ ಒಬ್ಬೊಬ್ಬರು ಒಂದು ನಡೆ ನಡೆಸುವ ನಿಧಾನದ ಆಟ ಇಂಥವರಿಗೆ ಬಹಳ ಚೆನ್ನ.

ಪ್ರತಿ ನಡೆಯ ಜೊತೆ ನಿಮ್ಮ ಹಾಳೆಯ ಫೋಟೊ ಕಳಿಸಿ. ಕಾಯಿಗಳಿಗೆ ಗುಂಡಿ, ಬಟಾಣಿ, ಏನಾದರೂ ಇಟ್ಟುಕೊಳ್ಳಿ. ಎರಡು ಮನೆಯ ಹಾಳೆಯಲ್ಲಿ ಕಾಯಿ ಬೇರೆ ಬೇರೆ ಕಡೆ ಇದ್ದರೆ ಅವತ್ತೇ ಗೊತ್ತಾಗುತ್ತದೆ. ವಾರ ಬಿಟ್ಟು ಗೊತ್ತಾದರೆ ಸರಿಪಡಿಸಲು ಆಗದು.

ಹೆಚ್ಚುವರಿ ಗರ ಇರುವ ಆಟದಲ್ಲಿ, ಗರ ನಿಲ್ಲುವವರೆಗೆ ಒಂದೇ ಉಸಿರಿಗೆ ಹಾಕಿಬಿಡಿ. ಒಂದು ಹಾಕಿ, ಸಂಜೆ ಇನ್ನೊಂದು ಹಾಕಿ ಎಂದರೆ ಆಟ ಮುಂದೆ ಹೋಗುವುದಿಲ್ಲ. ಪಾತ್ರದಾಟದಲ್ಲೂ ಹೊಡೆತ ತಗಲಿತೇ ಎಂದು ನೋಡುವ ದಾಳ, ಪೆಟ್ಟು ಎಷ್ಟು ಎಂದು ನೋಡುವ ದಾಳ ಎರಡನ್ನೂ ಒಟ್ಟಿಗೆ ಹಾಕಿ. ಹೊಡೆತ ತಪ್ಪಿದರೆ ಎರಡನೆಯದನ್ನು ಬಿಟ್ಟರಾಯಿತು.

ಎಷ್ಟು ದಿನ ಕಾಯುವುದು ಎಂಬುದೂ ಇರಲಿ. ಎರಡು ದಿನ ಸುಳಿವಿಲ್ಲದಿದ್ದರೆ ಅವರ ಪರವಾಗಿ ಇಂಥವರು ದಾಳ ಹಾಕುತ್ತಾರೆ ಎಂದು ಒಬ್ಬರ ಹೆಸರು ಗೊತ್ತುಮಾಡಿ. ಆ ಒಬ್ಬರು ಆಟದಲ್ಲಿ ಇಲ್ಲದವರಾದರೆ ಒಳ್ಳೆಯದು.

6. “ಈ ಆ್ಯಪ್ ನನಗೆ ಮೋಸ ಮಾಡುತ್ತಿದೆ”

ಲೂಡೊದಲ್ಲಿ ಹತ್ತು ಸಲ ಹಾಕಿದರೂ ಆರು ಬೀಳಲಿಲ್ಲ ಎಂದು ಸಿಟ್ಟಾಗುವವರು ಬಹಳ. ಒಂದು ಒಳ್ಳೆಯ ದಾಳದಲ್ಲೂ ಇದು ನೂರಕ್ಕೆ ಸುಮಾರು 16 ಸಲ ಆಗುತ್ತದೆ. ನಾಲ್ವರು ಆಡುವ ಮನೆಯಲ್ಲಿ ಯಾರಿಗೋ ಒಬ್ಬರಿಗೆ ಹಾಗಾಗುವುದು ತೀರಾ ಸಹಜ. ಕೈಯಲ್ಲಿ ಹಾಕಿದಾಗ ಅದೃಷ್ಟ ಅನ್ನುತ್ತೇವೆ, ಫೋನಿನಲ್ಲಿ ಬಿದ್ದಾಗ ಮೋಸ ಅನಿಸುತ್ತದೆ.

ಅನುಮಾನ ಹೋಗದಿದ್ದರೆ ಪರೀಕ್ಷೆ ಮಾಡಿ. ಆರು ಮುಖದ ದಾಳವನ್ನು 600 ಸಲ ಹಾಕಿ. ಒಮ್ಮೆಗೆ ಹತ್ತಿಪ್ಪತ್ತು ದಾಳ ಹಾಕುವ ಆ್ಯಪ್ ಆದರೆ ಬೇಗ ಮುಗಿಯುತ್ತದೆ. ಪ್ರತಿ ಮುಖ 100ರ ಆಸುಪಾಸು ಬರಬೇಕು. 80ರಿಂದ 120ರ ಒಳಗಿದ್ದರೆ ಚಿಂತೆ ಬೇಡ. ಒಂದು ಮುಖ 150 ದಾಟಿದರೆ ಆ ಆ್ಯಪ್ ಬಿಟ್ಟುಬಿಡಿ. ಹತ್ತಿಪ್ಪತ್ತು ಸಲ ಹಾಕಿ ತೀರ್ಪು ಕೊಡಬೇಡಿ, ಅಷ್ಟರಲ್ಲಿ ಏನೂ ಗೊತ್ತಾಗದು.

ಸಾಮಾನ್ಯ ಆ್ಯಪ್‌ಗಳು ಒಂದು ಸೂತ್ರ ಹಿಡಿದು ಸಂಖ್ಯೆ ಹುಟ್ಟಿಸುತ್ತವೆ. ಮನೆಯ ಆಟಕ್ಕೆ ಅದು ಧಾರಾಳ ಸಾಕು. ಸೂತ್ರವೇ ಬೇಡ ಎನ್ನುವವರಿಗೆ ‘ರ‍್ಯಾಂಡಮ್ ಡಾಟ್ ಆರ್ಗ್’ ಇದೆ. 1998ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಮ್ಯಾಡ್ಸ್ ಹಾರ್ ಶುರು ಮಾಡಿದ ತಾಣ. ಗಾಳಿಯಲ್ಲಿನ ರೇಡಿಯೊ ಗದ್ದಲವನ್ನು ಹಿಡಿದು ಅದರಿಂದ ಸಂಖ್ಯೆ ತೆಗೆಯುತ್ತದೆ. ದಾಳ, ನಾಣ್ಯ ಎರಡೂ ಅಲ್ಲಿವೆ.

7. ಆ್ಯಪ್ ಇಲ್ಲದೆಯೂ ಆಗುತ್ತದೆ

ಬರೀ ಫೋನ್ ಕರೆಯಲ್ಲಿ ಆಡುವವರಿಗೆ ಇದು. ಇಬ್ಬರೂ 1ರಿಂದ 6ರೊಳಗೆ ಒಂದೊಂದು ಸಂಖ್ಯೆ ಚೀಟಿಯಲ್ಲಿ ಬರೆದುಕೊಳ್ಳಿ. ಮೂರು ಎಣಿಸಿ ಇಬ್ಬರೂ ಒಟ್ಟಿಗೆ ಹೇಳಿ. ಎರಡನ್ನೂ ಕೂಡಿ. ಮೊತ್ತ ಆರು ದಾಟಿದರೆ ಆರು ಕಳೆಯಿರಿ. ಉಳಿದದ್ದೇ ಗರ. ನೀವು 5, ಅವರು 4 ಎಂದರೆ ಒಂಬತ್ತು. ಆರು ಕಳೆದರೆ ಮೂರು. ಇಬ್ಬರಲ್ಲಿ ಒಬ್ಬರು ಪ್ರಾಮಾಣಿಕವಾಗಿ, ಅಂದಾಜಿಗೆ ಸಿಗದಂತೆ ಬರೆದರೂ ಸಾಕು, ಇನ್ನೊಬ್ಬರು ಏನೇ ಲೆಕ್ಕ ಹಾಕಿದರೂ ಆರೂ ಸಂಖ್ಯೆಗೆ ಸಮನಾದ ಅವಕಾಶ ಇರುತ್ತದೆ.

ಒಟ್ಟಿಗೆ ಹೇಳುವುದು ಮಾತ್ರ ಮುಖ್ಯ. ಒಂದು ಕ್ಷಣ ಹಿಂದೆ ಬಿದ್ದವರು ಕೇಳಿ ಬದಲಿಸಬಹುದು. ಫೋನಿನಲ್ಲಿ ನಾಣ್ಯ ಚಿಮ್ಮುವ ಈ ತೊಡಕಿನ ಮೇಲೆ ಮ್ಯಾನ್ಯುಯೆಲ್ ಬ್ಲಮ್ ಎಂಬ ಗಣಕ ವಿಜ್ಞಾನಿ 1981ರಲ್ಲೇ ಬರೆದಿದ್ದಾರೆ. ಬೇರೆ ಬೇರೆ ಊರಲ್ಲಿರುವ, ವಿಚ್ಛೇದನವಾದ ಗಂಡ ಹೆಂಡತಿ ಕಾರು ಯಾರಿಗೆ ಎಂದು ತೀರ್ಮಾನಿಸಬೇಕು ಎಂಬುದು ಅವರು ಕೊಟ್ಟ ಉದಾಹರಣೆ. ಅವರ ದಾರಿಯ ತಿರುಳು ಇಷ್ಟೇ: ಮೊದಲು ಮುಚ್ಚಿ ಒಪ್ಪಿಸು, ಆಮೇಲೆ ತೆರೆದು ತೋರಿಸು. ಮನೆಯಲ್ಲಿ ಇದನ್ನು ಮಾಡಲು ಮೂರನೆಯವರೊಬ್ಬರು ಸಾಕು. ಇಬ್ಬರೂ ತಮ್ಮ ಸಂಖ್ಯೆಯನ್ನು ಅವರಿಗೆ ಬೇರೆಯಾಗಿ ಮೆಸೇಜ್ ಮಾಡಿ. ಎರಡೂ ಬಂದ ಮೇಲೆ ಅವರು ಗುಂಪಿನಲ್ಲಿ ಹಾಕಲಿ.

8. ಕವಡೆಯನ್ನೇ ಹಾಕಬೇಕು ಎನ್ನುವವರಿಗೆ

ಕೆಲವರಿಗೆ, ಅದರಲ್ಲೂ ಹಿರಿಯರಿಗೆ, ಕೈಯಲ್ಲಿ ಕವಡೆ ಕುಲುಕದೆ ಆಟ ಆಡಿದ ಹಾಗೆ ಆಗುವುದಿಲ್ಲ. ಅವರಿಗೆ ವಿಡಿಯೊ ಕರೆ ಮಾಡಿ. ರೆಕಾರ್ಡ್ ಮಾಡಿದ್ದಲ್ಲ, ನೇರವಾಗಿ ನಡೆಯುವ ಕರೆ. ಎರಡು ಸಾಲು ಪುಸ್ತಕ ಪೇರಿಸಿ ಮೇಲೆ ಫೋನ್ ಅಡ್ಡ ಇಡಿ, ಕ್ಯಾಮೆರಾ ಕೆಳಗೆ ನೋಡಲಿ. ಕೆಳಗೆ ಅಂಚಿರುವ ತಟ್ಟೆ ಇಡಿ, ಕವಡೆ ಉರುಳಿ ಮಂಚದ ಕೆಳಗೆ ಹೋಗದು. ತಟ್ಟೆಗೆ ಗಾಢ ಬಣ್ಣದ ಬಟ್ಟೆ ಹಾಸಿ. ಬಿಳಿ ಕವಡೆ ಎದ್ದು ಕಾಣುತ್ತದೆ, ಸದ್ದೂ ಕಡಿಮೆಯಾಗುತ್ತದೆ. ಬೆಳಕು ಪಕ್ಕದಿಂದ ಬರಲಿ. ನೇರ ಮೇಲಿಂದ ಬಿದ್ದರೆ ಫೋನಿನ ನೆರಳು ತಟ್ಟೆಯ ಮೇಲೆ ಕೂರುತ್ತದೆ.

ಬಿದ್ದ ಗರವನ್ನು ಹಾಕಿದವರು ಹೇಳಬಾರದು, ಆಚೆ ಕಡೆಯವರು ನೋಡಿ ಹೇಳಬೇಕು. ಅವರು ಹೇಳುವವರೆಗೆ ಕವಡೆಗೆ ಕೈ ಹಾಕುವಂತಿಲ್ಲ. ಒಂದು ಕವಡೆ ತಟ್ಟೆಯ ಅಂಚಿಗೆ ಒರಗಿ ನಿಂತರೆ ನಾಲ್ಕನ್ನೂ ಮತ್ತೆ ಹಾಕಬೇಕು. ನೆಟ್ ನಿಧಾನವಾಗಿ ಚಿತ್ರ ನಿಂತುಹೋದರೆ ಆ ಗರ ಲೆಕ್ಕಕ್ಕಿಲ್ಲ, ಚಿತ್ರ ಬಂದ ಮೇಲೆ ಇನ್ನೊಮ್ಮೆ. ಅಮ್ಮನೋ ಅಜ್ಜಿಯೋ ಎಲ್ಲರ ಪರವಾಗಿ ಕವಡೆ ಹಾಕುವುದಾದರೆ, ಹಾಕುವ ಮೊದಲು ಯಾರ ಸರದಿ ಎಂದು ಅವರೇ ಹೆಸರು ಕೂಗಲಿ. ಆಚೆ ಕಡೆ ನಿದ್ದೆಗಣ್ಣಿನಲ್ಲಿ ಕಾಯುತ್ತಿರುವವರಿಗೆ ಅದು ಕೇಳಿಸಬೇಕು.